ಕಾರು ಹಣ್ಣಿನಂಗಡಿಗೆ ಗುದ್ದುತ್ತದೆ

ವ್ಯಾನು ದೊಡ್ಡ ರಸ್ತೆ ಬಿಟ್ಟು ಎಡಕ್ಕೆ ತಿರುಗಿದಾಗಲೂ ಅವನಿಗೆ ಅನುಮಾನ ಬರಲಿಲ್ಲ. ಅಂಚೆ ಕಚೇರಿಯ ಹಳದಿ ಗೋಡೆ ಕಿಟಕಿಯಾಚೆ ಸರಿದುಹೋಯಿತು. ಅಂಥ ಗೋಡೆ ಎಲ್ಲೆಲ್ಲೂ ಇರುತ್ತದೆ ಎಂದುಕೊಂಡು ಅವನು ತೊಡೆಯ ಮೇಲಿನ ಹಾಳೆಗಳನ್ನೇ ನೋಡುತ್ತಿದ್ದ. ಗೋಡೆ ಮುಗಿದಲ್ಲಿ ರಸ್ತೆ ಸ್ವಲ್ಪ ಉಬ್ಬಿದೆ. ವ್ಯಾನು ಅದನ್ನು ಹತ್ತಿ ಇಳಿದಾಗ ಬೆನ್ನಿಗೆ ಆದ ಕುಲುಕನ್ನು ಮಾತ್ರ ಅವನ ಮೈ ಗುರುತಿಸಿತು, ಮನಸ್ಸಿಗಿಂತ ಮೊದಲು. ಶಾಲೆಯಿಂದ ಸೈಕಲ್ಲಿನಲ್ಲಿ ಬರುವಾಗ ಇದೇ ಉಬ್ಬಿನ ಮೇಲೆ ಎರಡೂ ಕೈ ಬಿಟ್ಟು ಹಾರುತ್ತಿದ್ದ. ತಲೆಯೆತ್ತಿ ನೋಡಿದರೆ ಮುಂದೆ, ಬಸ್ ನಿಲ್ದಾಣಕ್ಕೂ ಔಷಧಿ ಅಂಗಡಿಗೂ ನಡುವೆ, ನೀಲಿ ಟಾರ್ಪಾಲಿನ ಕೆಳಗೆ ಕಿತ್ತಳೆ, ಸೇಬು, ದ್ರಾಕ್ಷಿ. ಅವುಗಳ ಹಿಂದೆ ಬೂದುಬಣ್ಣದ ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಬಟ್ಟೆಯಿಂದ ಸೇಬು ಒರೆಸುತ್ತ ಕೂತ ಅವನ ಸೋದರತ್ತೆ. ಕೈಯಲ್ಲಿದ್ದ ಹಾಳೆಯಲ್ಲಿ ಅವನೇ ಬರೆದ ವಾಕ್ಯವಿತ್ತು: ‘ಕಾರು ಹಣ್ಣಿನಂಗಡಿಗೆ ಗುದ್ದುತ್ತದೆ. ಹಣ್ಣುಗಳು ರಸ್ತೆಯ ತುಂಬ ಚೆಲ್ಲಾಪಿಲ್ಲಿ.’

ಆ ವಾಕ್ಯ ಬರೆಯುವಾಗ ಅವನಿಗೆ ಹಸಿವಾಗಿತ್ತು, ಅಷ್ಟೆ. ಹೆಂಡತಿ ಅಡುಗೆಮನೆಯಿಂದ ಕರೆದು ಕರೆದು ಸುಮ್ಮನಾಗಿದ್ದಳು. ಧಾರಾವಾಹಿಯ ನಾಯಕ ಕಳ್ಳನನ್ನು ಅಟ್ಟಿಸಿಕೊಂಡು ಕಾರಿನಲ್ಲಿ ಹೊರಟು ಒಂದು ಪುಟ ಕಳೆದಿತ್ತು, ಆ ಓಟ ಎಲ್ಲಾದರೂ ಮುಗಿದರೆ ಎದ್ದು ಊಟಕ್ಕೆ ಹೋಗಬಹುದಿತ್ತು. ಯಾರಿಗೂ ಪೆಟ್ಟಾಗಬಾರದು, ಸದ್ದು ಮಾತ್ರ ಜೋರಾಗಿ ಆಗಬೇಕು, ಬಣ್ಣ ಹಾರಬೇಕು. ಕೈ ತಾನಾಗಿಯೇ ಹಣ್ಣಿನಂಗಡಿ ಎಂದು ಬರೆಯಿತು. ಕಥೆಗಳಲ್ಲಿ ರಸ್ತೆಬದಿಯ ಅಂಗಡಿಗಳಿಗೆ ಒಂದೊಂದು ಕೆಲಸ ಗೊತ್ತಾಗಿಬಿಟ್ಟಿದೆ. ಪೊಲೀಸರಿಂದ ಮುಖ ಮರೆಸಲು ಪೇಪರ್ ಅಂಗಡಿ, ಹುಡುಗ ಹುಡುಗಿಯ ಬೆರಳು ಮೊದಲ ಸಲ ತಾಗಲು ಹೂವಿನ ಗಾಡಿ, ಗುಟ್ಟಿನ ಪೊಟ್ಟಣ ಕೈ ಬದಲಾಯಿಸಲು ಕಾಫಿ ಅಂಗಡಿ, ಗುದ್ದಲು ಹಣ್ಣಿನಂಗಡಿ. ಮರುದಿನ ಬೆಳಿಗ್ಗೆ ಆ ಹಣ್ಣಿನವರು ಏನು ಮಾಡಿದರು ಎಂದು ಯಾವ ಕಥೆಯೂ ಹಿಂತಿರುಗಿ ನೋಡುವುದಿಲ್ಲ. ಹಣ್ಣಿನಂಗಡಿಯ ಅನ್ನ ತಿಂದು ದೊಡ್ಡವನಾದ ತನಗೂ ಅದು ಹೊಳೆಯಲಿಲ್ಲವಲ್ಲ ಎಂಬುದು ಈಗ, ವ್ಯಾನಿನ ಬಾಗಿಲು ಸರಿದು ಬಿಸಿಲು ಮುಖಕ್ಕೆ ಹೊಡೆದಾಗ, ಅವನಿಗೆ ಹೊಳೆಯಿತು. ಹೊಳೆದ ಮೇಲೂ ಅವನು ಮೊದಲು ಯೋಚಿಸಿದ್ದು ತನ್ನ ಬಗ್ಗೆಯೇ. ಇವರೆಲ್ಲರ ಎದುರಿಗೆ ಅತ್ತೆ ‘ಗುಮ್ಮಾ’ ಎಂದು ಕೂಗಿಬಿಟ್ಟರೆ?

“ಇದೇ ಜಾಗ ಸಾರ್,” ಎಂದ ಶೂಟಿಂಗ್ ಮ್ಯಾನೇಜರು ಕೆಳಗಿಳಿದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ. “ರಸ್ತೆ ಅಗಲ ಇದೆ, ಬೆಳಕು ಚೆನ್ನಾಗಿದೆ. ಅಂಗಡಿ ಅಮ್ಮನೂ ತುಂಬ ಒಳ್ಳೆಯವರು. ನಿಮಗೆ ಒಪ್ಪಿಗೆ ತಾನೆ?” ಮ್ಯಾನೇಜರು ಎಂದೂ ಬರಹಗಾರನ ಒಪ್ಪಿಗೆ ಕೇಳಿದವನಲ್ಲ. ಅವನ ಮೀಸೆಯ ಕೆಳಗೆ ಏನೋ ಒಂದು ನಗು ಇತ್ತು, ಅಥವಾ ಇದ್ದಂತೆ ಕಂಡಿತು. “ಚೆನ್ನಾಗಿದೆ, ಚೆನ್ನಾಗಿದೆ,” ಎಂದು ಇವನು ಔಷಧಿ ಅಂಗಡಿಯ ಬೋರ್ಡನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಬೆನ್ನ ಹಿಂದೆ ಅತ್ತೆಯ ಸ್ವರ ಕೇಳಿತು. “ಬನ್ನಿ ಸಾರ್. ಕಿತ್ತಳೆ ನೋಡ್ತೀರಾ ಸಾರ್? ಇವತ್ತು ಬೆಳಿಗ್ಗೆ ಬಂದಿರೋದು.”

ಸಾರ್. ಆ ಮಾತು ಕುತ್ತಿಗೆಯ ಹಿಂದೆ ತಣ್ಣಗೆ ಇಳಿಯಿತು. ತಿರುಗಿ ನೋಡಿದ. ಅತ್ತೆ ಬೇರೆ ಯಾರನ್ನೋ ನೋಡುವ ಹಾಗೆ ಅವನನ್ನು ನೋಡುತ್ತಿದ್ದಳು. ಮುಖದಲ್ಲಿ ಗಿರಾಕಿಗೆಂದು ಇಟ್ಟುಕೊಂಡ ನಗು. ಹೋದ ವಾರವಷ್ಟೇ ಅವಳ ಮನೆಯಲ್ಲಿ ಕೂತು ಊಟ ಮಾಡಿ, ಕಾಲು ನೀಡಿ ಮಲಗಿ ಬಂದಿದ್ದ. “ಬೇಡಮ್ಮ, ಆಮೇಲೆ,” ಎಂದ. ತನ್ನ ಬಾಯಿಂದ ಬಂದ ಆ ‘ಅಮ್ಮ’ ಅಪರಿಚಿತರಿಗೆ ಹೇಳುವ ಅಮ್ಮ ಎಂಬುದು ಇಬ್ಬರಿಗೂ ಕೇಳಿಸಿತು. ಅತ್ತೆ ತಲೆಯಾಡಿಸಿ ಮತ್ತೆ ಸೇಬು ಒರೆಸಲು ಹೋದಳು. ಎಷ್ಟು ಅಚ್ಚುಕಟ್ಟಾಗಿ ಒಪ್ಪಿಕೊಂಡುಬಿಟ್ಟಳು. ಬೈದಿದ್ದರೆ, ಮುಖ ಸಿಂಡರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಈ ಅಚ್ಚುಕಟ್ಟುತನ ಅವನನ್ನು ಕೊಂದಿತು.

ಅವನು ಸುಳ್ಳು ಹೇಳಿರಲಿಲ್ಲ. ಅದನ್ನು ತನಗೆ ತಾನೇ ಆಗಾಗ ಹೇಳಿಕೊಳ್ಳುತ್ತಿದ್ದ. ಕೆಲಸಕ್ಕೆ ಸೇರುವಾಗ ನಿರ್ದೇಶಕ ಮನೆಯ ಕಡೆ ಏನು ಎತ್ತ ಎಂದು ಕೇಳಿದ್ದಕ್ಕೆ “ಹಣ್ಣಿನ ವ್ಯವಹಾರ ಸಾರ್” ಎಂದಿದ್ದ. “ಓ, ತೋಟಾನಾ?” ಎಂದು ಅವನು ಹುಬ್ಬೇರಿಸಿದಾಗ ಇವನ ಗಂಟಲಿನಿಂದ ಹೌದೂ ಅಲ್ಲದ ಇಲ್ಲವೂ ಅಲ್ಲದ ಒಂದು ಸದ್ದು ಹೊರಟಿತ್ತು. ಆ ಸದ್ದಿನಿಂದಲೇ ಒಂದು ತೋಟ ಬೆಳೆದುಬಿಟ್ಟಿತು. ಸಾಲು ಸಾಲು ಮರ, ಬೇಲಿ, ಕೆಲಸದಾಳು. ಅಂದಿನಿಂದ ನಿರ್ದೇಶಕ ಅವನನ್ನು ‘ತೋಟದ ಸಾಹೇಬ್ರು’ ಎಂದೇ ಕರೆಯುತ್ತಿದ್ದ. “ಏನು ತೋಟದ ಸಾಹೇಬ್ರೆ, ಈ ಸಲ ಬೆಳೆ ಹೇಗೆ?” “ಪರವಾಗಿಲ್ಲ ಸಾರ್.” ಲೈಟಿನವರು, ಮೇಕಪ್ಪಿನವರು ಕೂಡ ಹಾಗೆಯೇ ಕರೆಯುವಾಗ ಅವನು ಒಂದು ಬಗೆಯ ಗಾಂಭೀರ್ಯದಿಂದ ತಲೆ ಬಾಗಿಸುತ್ತಿದ್ದ. ಬರಬರುತ್ತ ಆ ತೋಟದ ನೆರಳು ಅವನಿಗೂ ಹಿತವಾಗತೊಡಗಿತ್ತು.

ಕಲಾ ವಿಭಾಗದ ಆಳುಗಳು ಲಾರಿಯಿಂದ ಹೊಸದೊಂದು ಅಂಗಡಿಯನ್ನು ಇಳಿಸಿದರು, ಗುದ್ದಿಸಿಕೊಳ್ಳಲೆಂದೇ ತೆಳು ಹಲಗೆಯಲ್ಲಿ ಮಾಡಿದ್ದು. ಅತ್ತೆಯ ಅಂಗಡಿಯನ್ನು ನಾಲ್ಕು ಜನ ಸೇರಿ ಗೋಡೆಯ ಕಡೆ ಸರಿಸಿದರು. ಸರಿಸುವಾಗ ಅದು ನರಳಿತು. ಅದರ ಕೆಳಗಿನ ನೆಲ, ಇಷ್ಟು ವರ್ಷ ಬಿಸಿಲು ಕಾಣದ ಆ ಚೌಕ, ಒದ್ದೆಯಾಗಿ ಕಪ್ಪಗಿತ್ತು. ಅಲ್ಲಿ ಅವನ ಬಾಲ್ಯ ಕೂತಿತ್ತು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮುಗಿಸಿ ಬರುವ ತನಕ ಅವನು ಹಣ್ಣಿನ ಪೆಟ್ಟಿಗೆ ಬೋರಲು ಹಾಕಿಕೊಂಡು ಇಲ್ಲಿ ಲೆಕ್ಕ ಮಾಡುತ್ತಿದ್ದ. ಮೇಲಿನಿಂದ ಅತ್ತೆಯ ಮಾತು ಬೀಳುತ್ತಿತ್ತು, ಜೊತೆಗೆ ದ್ರಾಕ್ಷಿಯ ಒಂದೊಂದು ಹಣ್ಣೂ ಬೀಳುತ್ತಿತ್ತು. ಒಂದು ಸಂಜೆ ತರಗತಿಯ ಹುಡುಗರ ಗುಂಪು ಉಬ್ಬಿನ ಕಡೆಯಿಂದ ಬರುವುದನ್ನು ಕಂಡು ಪುಸ್ತಕ ಸಮೇತ ಹಲಗೆಯ ಕೆಳಗೆ ಇನ್ನೂ ಒಳಕ್ಕೆ ನುಗ್ಗಿದ. ಹುಡುಗರು ನಿಂತರು, ಸೇಬನ್ನು ಮುಟ್ಟಿ ಮುಟ್ಟಿ ನೋಡಿದರು, ಏನೂ ಕೊಳ್ಳಲಿಲ್ಲ. ಆಗ ಅತ್ತೆ ಏನೂ ಗೊತ್ತಿಲ್ಲದವಳ ಹಾಗೆ ಮೇಲೆ ಹಾಸಿದ್ದ ಬಟ್ಟೆಯ ಅಂಚನ್ನು ಎಳೆದು ಕೆಳಗೆ ಇಳಿಬಿಟ್ಟಳು. ಅವನು ಕತ್ತಲಲ್ಲಿ ಉಸಿರು ಬಿಗಿಹಿಡಿದು ಅವಳ ಚಪ್ಪಲಿಯ ಹೆಬ್ಬೆರಳನ್ನು ನೋಡುತ್ತಿದ್ದ. ಆ ಹೆಬ್ಬೆರಳು ಒಮ್ಮೆ ಅಲುಗಿತು. ನಗುತ್ತಿದ್ದಳೋ ಅಳುತ್ತಿದ್ದಳೋ ಹೆಬ್ಬೆರಳಿನಿಂದ ಗೊತ್ತಾಗುವುದು ಹೇಗೆ? ಹುಡುಗರು ಹೋದ ಮೇಲೆ ಅವಳು ಕೇಳಿದ್ದು “ಲೆಕ್ಕ ಮುಗೀತೇನೋ?” ಎಂದು ಮಾತ್ರ.

“ಇದೇನ್ರೀ ಇದು!” ನಿರ್ದೇಶಕ ಹೊಸ ಅಂಗಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೂಗಿದ. “ಶಾಲೆ ಮಕ್ಕಳ ನಾಟಕದ ಸ್ಟೇಜ್ ಥರ ಇದೆ. ಬಣ್ಣ ಇನ್ನೂ ಅಂಟ್ತಾ ಇದೆ. ಅಂಗಡಿ ಅಂದ್ರೆ ಅದು, ನೋಡಿ.” ಅವನು ಗೋಡೆಯ ಕಡೆ ಕೈ ಮಾಡಿದ. “ಆ ಹಳೇದನ್ನೇ ಇಡಿ. ಅದಕ್ಕೇ ಗುದ್ದೋಣ. ಅಮ್ಮನಿಗೆ ಹೊಸದು ಮಾಡಿಸಿಕೊಟ್ಟರಾಯ್ತು.”

ಮ್ಯಾನೇಜರು ಅತ್ತೆಯ ಹತ್ತಿರ ಹೋಗಿ ಬಗ್ಗಿ ಏನೋ ಹೇಳಿದ. ಅವಳು ತನ್ನ ಅಂಗಡಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ “ಆಗ್ಲಪ್ಪ” ಎಂದಳು. ಒಂದೇ ಮಾತು. ಆ ಅಂಗಡಿಯನ್ನು ಮಾಡಿದವನು ಮಾವ, ಅತ್ತೆಯ ಗಂಡ, ಬಡಗಿ. ಮದುವೆಯಾದ ಹೊಸದರಲ್ಲಿ, ಬೇರೆಯವರ ಕೆಲಸ ಮುಗಿಸಿ ಬಂದ ಮೇಲೆ ಉಳಿದ ಹಲಗೆ ಜೋಡಿಸಿ, ಮೊಳೆ ಬಾಯಲ್ಲಿ ಕಚ್ಚಿಕೊಂಡು ಮಾಡಿದ್ದು. ಮಾವ ಹೋಗಿ ಎಷ್ಟೋ ಕಾಲವಾಯಿತು. ಅವನ ಕೈಯ ಗುರುತೆಂದು ಉಳಿದದ್ದು ಇದೊಂದೇ. ಅತ್ತೆ ಅದನ್ನು ‘ಆಗ್ಲಪ್ಪ’ ಎಂದು ಕೊಟ್ಟುಬಿಟ್ಟಳು. ಯಾಕೆ? ಬೇಡ ಅಂದರೆ ಅಣ್ಣನ ಮಗನ ಕೆಲಸಕ್ಕೆ ಕುತ್ತಾದೀತು ಎಂದು. ನನ್ನ ಒಂದು ಹೊತ್ತಿನ ಹಸಿವಿಗೆ ಮಾವನ ಅಂಗಡಿ ನುಚ್ಚುನೂರು. ಅವಳ ಮುಖವನ್ನು ದೂರದಿಂದಲೇ ಹುಡುಕಿದ. ಅವಳು ಹಣ್ಣುಗಳನ್ನು ಬುಟ್ಟಿಗೆ ತುಂಬುತ್ತ ತಲೆ ತಗ್ಗಿಸಿಕೊಂಡಿದ್ದಳು. ಆ ತಗ್ಗಿಸಿದ ತಲೆಯಲ್ಲಿ ಅವನು ಒಂದು ದೊಡ್ಡ ದುಃಖವನ್ನು ಓದಿದ. ಬರೆಯುವವನಾದ್ದರಿಂದ ಬಹಳ ಚೆನ್ನಾಗಿ ಓದಿದ.

ಕಾಲು ತಾನಾಗಿ ನಡೆಯಿತು. ಕ್ಯಾಮೆರಾದ ಹಿಂದೆ ಕಣ್ಣು ಕಿರಿದು ಮಾಡಿಕೊಂಡಿದ್ದ ನಿರ್ದೇಶಕನ ಪಕ್ಕಕ್ಕೆ ಹೋಗಿ ನಿಂತ. “ಸಾರ್, ಆ ಅಂಗಡಿ ಬೇಡ.”

“ಯಾಕ್ರೀ?”

“ಅದು...” ತೋಟದ ಸಾಲು ಮರಗಳು, ಬೇಲಿ, ಕೆಲಸದಾಳು, ಎಲ್ಲ ಒಂದೇ ಏಟಿಗೆ ಉರುಳುವುದು ಅವನಿಗೆ ಕಾಣುತ್ತಿತ್ತು. “ಅದು ನಮ್ಮ ಮಾವ ಮಾಡಿದ್ದು ಸಾರ್. ಅವರು ನಮ್ಮ ಅತ್ತೆ. ಸ್ವಂತ ಅತ್ತೆ. ನಮ್ಮಪ್ಪನ ತಂಗಿ. ನಾನು ಬೆಳೆದಿದ್ದೇ ಆ ಅಂಗಡಿ ಕೆಳಗೆ.” ಕೊನೆಯ ಮಾತು ಅಗತ್ಯಕ್ಕಿಂತ ಜೋರಾಗಿ ಹೊರಟಿತು. ಲೈಟಿನವರು ತಿರುಗಿ ನೋಡಿದರು.

ನಿರ್ದೇಶಕ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಹೂಂ, ಗೊತ್ತು. ಅದಕ್ಕೇನೀಗ?”

“ಗೊತ್ತಾ?”

“ಯಾರಿಗೆ ಗೊತ್ತಿಲ್ಲ ಸಾರ್,” ಎಂದ ಮ್ಯಾನೇಜರು, ಈಗ ಮೀಸೆಯ ಕೆಳಗಿನ ನಗುವನ್ನು ಪೂರ್ತಿ ಹೊರಗೆ ಬಿಟ್ಟು. “ನಾನು ಮನೆಗೆ ಹೋಗೋ ದಾರಿ ಇದೇ ಅಲ್ವಾ? ನಮ್ಮ ಸೀರಿಯಲ್ ಯಾವತ್ತಾದ್ರೂ ತಪ್ಪಿಹೋದ್ರೆ ಜನ ಮರುದಿನ ಇಲ್ಲಿ ಬಂದು ಕೇಳ್ತಾರೆ. ಅಮ್ಮ ಹಣ್ಣು ಆರಿಸ್ತಾ ಆರಿಸ್ತಾ ಕಥೆ ಹೇಳ್ತಾರೆ. ‘ಇದನ್ನ ಬರೆಯೋದು ನಮ್ಮಣ್ಣನ ಮಗ’ ಅಂತ ಶುರು ಮಾಡಿದ್ರೆ ಮುಗೀತು, ಬಸ್ಸು ಬಿಟ್ಟು ಕೇಳ್ತಾರೆ ಜನ. ನಾನೂ ಒಂದು ಸಲ ನಿಂತು ಕೇಳ್ದೆ. ನೀವು ಸಾಯಿಸಿದ್ದೀರಲ್ಲ, ಆ ವಕೀಲ, ಅವನು ಅಮ್ಮನ ಕಥೇಲಿ ಇನ್ನೂ ಬದುಕಿದ್ದಾನೆ.”

“ಹಾಗಾದ್ರೆ ತೋಟ...”

“ತೋಟದ ಸಾಹೇಬ್ರೆ,” ಎಂದ ನಿರ್ದೇಶಕ, ಮೊದಲ ಸಲ ಅವನ ಕಡೆ ತಿರುಗಿ, ಬಹಳ ಪ್ರೀತಿಯಿಂದ. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು.

ಅವನ ಕಿವಿ ಕಾದವು. ಇಷ್ಟು ದಿನ ಕೇಳಿಸಿಕೊಂಡ ಒಂದೊಂದು ‘ತೋಟದ ಸಾಹೇಬ್ರೆ’ಯೂ ಹಿಂದಿರುಗಿ ಬಂದು, ಸಾಲಾಗಿ ನಿಂತು, ಈಗ ಸರಿಯಾದ ಸ್ವರದಲ್ಲಿ ಮತ್ತೊಮ್ಮೆ ಕೇಳಿಸಿತು. ಪ್ರತಿಯೊಂದಕ್ಕೂ ತಾನು ಬಾಗಿಸಿದ ತಲೆ, ಆ ಗಾಂಭೀರ್ಯ. ಗಾಜಿನ ಬಾಗಿಲ ಹಿಂದೆ ಅಡಗಿ ಕೂತು ಯಾರಿಗೂ ಕಾಣುತ್ತಿಲ್ಲ ಎಂದು ನೆಮ್ಮದಿಯಾಗಿದ್ದವನ ಪಾಡು ಅವನದು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಸುಮ್ಮನಿತ್ತು. ಬಸ್ಸೊಂದು ಬಂದು ನಿಂತು ಹೋಯಿತು. ವಿಚಿತ್ರವೆಂದರೆ ಅವಮಾನದ ಜೊತೆಜೊತೆಗೇ ಭುಜಗಳು ಕೆಳಗಿಳಿದವು. ಅವು ಇಷ್ಟು ದಿನ ಮೇಲೆದ್ದೇ ಇದ್ದವೆಂದು ಅವನಿಗೆ ಆಗಲೇ ಗೊತ್ತಾದದ್ದು. ಯಾರೂ ಅವನನ್ನು ಕೀಳಾಗಿ ಕಾಣುತ್ತಿರಲಿಲ್ಲ. ನಗುತ್ತಿದ್ದರು, ಅಷ್ಟೆ. ನಗುವವರ ನಡುವೆ ತಾನೊಬ್ಬನೇ ನಗದೆ ಇದ್ದೆನಲ್ಲ ಎಂದು ಅವನಿಗೂ ನಗು ಬಂತು. ಹೊರಗೆ ಬಂದಾಗ ಅದು ಕೆಮ್ಮಿನಂತೆ ಕೇಳಿಸಿತು.

ಅಷ್ಟರಲ್ಲಿ ಅತ್ತೆ ಬುಟ್ಟಿ ಕೆಳಗಿಟ್ಟು ದಡದಡನೆ ಬಂದಳು. “ಲೋ ಗುಮ್ಮಾ, ಏನೋ ನಿಂದು? ಅಂಗಡಿ ಬೇಡ ಅಂದ್ಯಂತೆ?”

ಗುಮ್ಮ. ಲೈಟಿನವರಲ್ಲೊಬ್ಬ ಅದನ್ನು ಬಾಯೊಳಗೇ ಹೇಳಿ ರುಚಿ ನೋಡಿದ. ಮಾತು ಬರುವುದು ತಡವಾಗಿ, ಮೂಲೆಯಲ್ಲಿ ಕೂತು ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದ ಮಗುವಿಗೆ ಅವಳಿಟ್ಟ ಹೆಸರು ಅದು.

“ಅತ್ತೆ, ಅದು ಮಾವನ ಅಂಗಡಿ. ನನಗೋಸ್ಕರ ನೀನು...”

“ನಿನಗೋಸ್ಕರ ಯಾಕೋ? ಹೊಸದು ಮಾಡಿಸಿಕೊಡ್ತಾರಂತೆ! ನಿಮ್ಮಾವ ಇದನ್ನ ಮಾಡಿದ ದಿನದಿಂದ ಒಂದು ಕಾಲು ಗಿಡ್ಡ. ಊರಿನ ಬಾಗಿಲು ಕಿಟಕಿ ಎಲ್ಲ ನೆಟ್ಟಗೆ ಮಾಡಿದ ಮಹಾನುಭಾವ, ಹೆಂಡತಿ ಅಂಗಡಿಗೆ ಮಾತ್ರ ಗಿಡ್ಡ ಕಾಲು. ಕೇಳಿದ್ರೆ ‘ನೆಲ ಸರಿ ಇಲ್ಲ ಕಣೆ’ ಅನ್ನೋರು. ಸಾಯೋವರೆಗೂ ನೆಲದ ಮೇಲೇ ಹಾಕಿದ್ರು ತಪ್ಪನ್ನ. ಅದರ ಕೆಳಗೆ ಇಟ್ಟಿಗೆ ಚೂರು ತುರುಕಿ ತುರುಕಿ ನನ್ನ ಬೆನ್ನು ಬಿದ್ದುಹೋಗಿದೆ. ಗುದ್ದಿದ್ರೆ ಗುದ್ಲಿ ಬಿಡು, ಮಾವನೇ ಮೇಲಿಂದ ಚಪ್ಪಾಳೆ ತಟ್ತಾರೆ.”

“ಮತ್ತೆ... ಆಗ ನನ್ನನ್ನ ಸಾರ್ ಅಂದೆಯಲ್ಲ?”

ಅತ್ತೆಯ ಕಣ್ಣು ಅರಳಿದವು. ಅವಳು ಸ್ವರ ತಗ್ಗಿಸಿದಳು, ಆದರೆ ಅವಳ ತಗ್ಗಿದ ಸ್ವರ ಬಸ್ ನಿಲ್ದಾಣದವರೆಗೆ ಕೇಳುವಂಥದು. “ನಿಂಗೆ ನಾಚಿಕೆ ಆಗುತ್ತೆ ಅಂತ ನಟನೆ ಮಾಡ್ದೆ. ಕ್ಯಾಮೆರಾ ಬೇರೆ ಇತ್ತಲ್ಲ, ನೋಡ್ಕೊಳ್ಳಲಿ ಅಂತ. ಹೇಗಿತ್ತು? ಚೆನ್ನಾಗಿ ಬಂತಾ?”

ಬೆಳಗಿನಿಂದ ಅವನನ್ನು ಕೊರೆಯುತ್ತಿದ್ದ ಆ ತಣ್ಣನೆಯ ಮಾತು ಒಂದು ನಟನೆ. ಅದಕ್ಕೀಗ ಅಭಿಪ್ರಾಯ ಬೇಕಾಗಿದೆ! “ತುಂಬ ಚೆನ್ನಾಗಿತ್ತು ಅತ್ತೆ,” ಎಂದ. ಅದು ನಿಜವೂ ಆಗಿತ್ತು.

ಹಳೆಯ ಅಂಗಡಿ ಮತ್ತೆ ತನ್ನ ಜಾಗಕ್ಕೆ ಬಂತು. ಹಣ್ಣು ಮಾರುವವಳ ಪಾತ್ರಕ್ಕೆ ಬಂದ ನಟಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಿತ್ತಳೆಗಳ ಹಿಂದೆ ನಿಂತಳು. ಏರ್ಪಾಟು ಸರಳವಾಗಿತ್ತು. ಮೊದಲು ನಾಯಕನಟ ಕಾರನ್ನು ಜೋರಾಗಿ ತಂದು ಸೀಮೆಸುಣ್ಣದ ಗೆರೆಯ ಹತ್ತಿರ ನಿಲ್ಲಿಸುತ್ತಾನೆ, ಹಣ್ಣಿನವಳು ಹೆದರಿ ಕಿರುಚಿ ಪಕ್ಕಕ್ಕೆ ಹಾರುತ್ತಾಳೆ. ಅಷ್ಟು ಚಿತ್ರೀಕರಿಸಿಕೊಂಡು, ಎಲ್ಲರನ್ನೂ ದೂರ ಕಳಿಸಿ, ಆಮೇಲೆ ಯಾರೂ ಇಲ್ಲದ ಅಂಗಡಿಗೆ ಗುದ್ದುವುದು. ಆದರೆ ನಟಿ, ಪಾಪ, ಕಾರು ಉಬ್ಬು ದಾಟುವ ಮೊದಲೇ ಓಡಿಬಿಟ್ಟಳು. ಎರಡನೆಯ ಸಲ ಕಾರು ಇನ್ನೂ ಹೊರಟಿರಲೇ ಇಲ್ಲ, ಅವಳು ಔಷಧಿ ಅಂಗಡಿಯೊಳಗಿದ್ದಳು. “ನಂಗೆ ಮಕ್ಕಳಿದಾವೆ ಸಾರ್,” ಎಂದಳು ಅಲ್ಲಿಂದಲೇ. ನಿರ್ದೇಶಕ ಕೈಗಡಿಯಾರ ನೋಡಿಕೊಂಡ, ಆಕಾಶ ನೋಡಿದ, ಅತ್ತೆಯನ್ನು ನೋಡಿದ.

“ಅಮ್ಮಾ, ನೀವೇ ನಿಂತ್ಕೋತೀರಾ?”

ಅತ್ತೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡು, ಸ್ವೆಟರಿನ ಗುಂಡಿ ಹಾಕಿಕೊಂಡು ಅಷ್ಟರಲ್ಲಾಗಲೇ ನಡೆಯತೊಡಗಿದ್ದಳು. ಕಾರು ನಿಲ್ಲದಿದ್ದರೆ? ಇವನು ‘ಬೇಡ’ ಅನ್ನಲು ಬಾಯಿ ತೆರೆದ. ಅವಳು ದೂರದಿಂದಲೇ ಅವನಿಗೆ ಬೆರಳು ತೋರಿಸಿ ಗದರಿಸಿದಳು. ಕಾರು ಹೊರಟಿತು. ಉಬ್ಬಿನ ಮೇಲೆ ಹಾರಿತು, ಚಕ್ರಗಳು ಕಿರುಚಿದವು, ಧೂಳೆದ್ದಿತು, ಗೆರೆಯ ಹತ್ತಿರ ಬಂದು ಗಕ್ಕನೆ ನಿಂತಿತು. ಅತ್ತೆ ಕಿರುಚಲಿಲ್ಲ. ಹಾರಲಿಲ್ಲ. ಹಣ್ಣುಗಳ ಮೇಲೆ ಮುಂದಕ್ಕೆ ಬಾಗಿ, ಕಾರಿನ ಕಿಟಕಿಗೆ ಮುಖ ತಂದು, ಕೇಳಿದಳು: “ಏನು ಕೊಡ್ಲಿ?”

“ಕಟ್! ಅಮ್ಮಾ, ಹೆದರ್ಕೋಬೇಕು! ಹಾರಬೇಕು!”

“ಹೌದಲ್ವಾ! ಮರೆತೇಹೋಯ್ತಪ್ಪ. ಇನ್ನೊಂದ್ಸಲ.”

ಇನ್ನೊಂದು ಸಲವೂ ಹಾಗೆಯೇ ಆಯಿತು. ಮತ್ತೊಂದು ಸಲ ಅವಳು ಹಾರಬೇಕೆಂದು ಗಟ್ಟಿ ಮನಸ್ಸು ಮಾಡಿ, ತುಟಿ ಕಚ್ಚಿ, ಕಾಲು ಅಗಲಿಸಿ ನಿಂತಳು. ಕಾರು ಬಂದು ನಿಂತಿತು, ಅವಳ ಮೈ ಅವಳ ಮಾತು ಕೇಳದೆ ಮುಂದಕ್ಕೆ ಬಾಗಿತು. “ಏನ್ಮಾಡ್ಲಿ? ಕಾರು ನಿಂತ್ರೆ ಗಿರಾಕಿ ಅಂತಾನೇ ಅನ್ಸುತ್ತೆ,” ಎಂದು ನೊಂದುಕೊಂಡಳು. “ಗಿರಾಕಿ ಬಂದಾಗ ಓಡೋದು ಹ್ಯಾಗಪ್ಪ?” ನಾಯಕನಟ, ಇಡೀ ಧಾರಾವಾಹಿಯಲ್ಲಿ ಹುಬ್ಬು ಗಂಟಿಕ್ಕಿಕೊಂಡೇ ಇದ್ದು ಹಾಗೆಯೇ ಪ್ರಸಿದ್ಧನಾದವನು, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಮೈ ಕುಲುಕಿಸಿ ನಗುತ್ತಿದ್ದ. ಕ್ಯಾಮೆರಾದವನು ನಗು ತಡೆಯಲು ಹೋಗಿ ಕ್ಯಾಮೆರಾವನ್ನೇ ಅಲ್ಲಾಡಿಸಿದ.

ಇವನು ಮಾತ್ರ ನಗಲಿಲ್ಲ. ಅವನು ಆ ಬಾಗಿದ ಬೆನ್ನನ್ನು ನೋಡುತ್ತಿದ್ದ. ಎಷ್ಟು ವರ್ಷಗಳಿಂದ ನೋಡಿದ್ದ ಆ ಬಾಗುವಿಕೆಯನ್ನು! ಯಾರು ನಿಂತರೂ, ಬಸ್ಸಿಗೆ ಕಾಯುತ್ತ ಬೇಸರಕ್ಕೆ ನಿಂತವರಿರಲಿ, ದಾರಿ ಕೇಳಲು ನಿಂತವರಿರಲಿ, ಸೇಬು ಮುಟ್ಟಿ ಮುಟ್ಟಿ ಹೋದ ಆ ಹುಡುಗರಿರಲಿ, ಅವಳು ಬಾಗಿ ‘ಏನು ಕೊಡ್ಲಿ’ ಎಂದಿದ್ದಳು. ಅದೊಂದು ದೈನ್ಯ ಎಂದು ಅವನು ತಿಳಿದಿದ್ದ. ಬೆಳೆಯುತ್ತ ಬೆಳೆಯುತ್ತ ಆ ಬಾಗುವಿಕೆಯ ಕಡೆ ನೋಡುವುದನ್ನೇ ಬಿಟ್ಟಿದ್ದ. ಈಗ ನುಗ್ಗಿಬರುವ ಕಾರಿಗೂ ಅವಳು ಬಾಗಿದಾಗ, ಅದರಲ್ಲಿ ದೈನ್ಯ ಎಳ್ಳಷ್ಟೂ ಇಲ್ಲವೆಂದು ಕಂಡಿತು. ಅಲ್ಲಿದ್ದದ್ದು, ಬಂದವರು ಯಾರೆಂದು ನೋಡುವ ಆಸೆ, ಬರೀ ಕುತೂಹಲ.

“ಸಾರ್,” ಎಂದ ನಿರ್ದೇಶಕನಿಗೆ. “ಗುದ್ದೋದು ಬೇಡ. ಹೀಗೇ ಇರ್ಲಿ.”

“ಹೀಗೇ ಅಂದ್ರೆ?”

“ಕಾರು ಬರುತ್ತೆ, ನಿಲ್ಲುತ್ತೆ. ಅತ್ತೆ ‘ಏನು ಕೊಡ್ಲಿ’ ಅಂತಾರೆ. ಹೀರೋಗೆ ಏನು ಹೇಳ್ಬೇಕೋ ಗೊತ್ತಾಗಲ್ಲ. ಇಷ್ಟು ದಿನ ಅವನನ್ನ ಯಾರೂ ಹಾಗೆ ಕೇಳೇ ಇಲ್ಲ. ನಗು ಬರುತ್ತೆ. ಒಂದು ಕಿತ್ತಳೆ ತಗೋತಾನೆ. ಅಷ್ಟರಲ್ಲಿ ಕಳ್ಳ ಹೋಗಿರ್ತಾನೆ.” ತನ್ನ ಸ್ವರ ತನಗೇ ಹೊಸದಾಗಿ ಕೇಳಿಸಿತು. “ಈ ಥರ ಅಂಗಡಿಗೆ ಎಲ್ಲರೂ ಗುದ್ದಿದ್ದಾರೆ ಸಾರ್. ಯಾರೂ ನಿಂತಿಲ್ಲ.”

ನಿರ್ದೇಶಕ ಗದ್ದ ತುರಿಸಿಕೊಂಡ. ಕಲೆಯ ಬಗ್ಗೆ ಯೋಚಿಸುತ್ತಿದ್ದಾನೆಂದು ಇವನು ಭಾವಿಸಿದ. “ಕಳ್ಳ ತಪ್ಪಿಸ್ಕೊಂಡ್ರೆ,” ಎಂದ ನಿರ್ದೇಶಕ ನಿಧಾನವಾಗಿ, “ಕಥೇನ ಇನ್ನೂ ಒಂದು ತಿಂಗಳು ಎಳೀಬಹುದು. ಏನಂತೀರಿ ಗುಮ್ಮ ಸಾಹೇಬ್ರೆ?”

ಹಾಗೆ ಆ ದೃಶ್ಯ ಬದಲಾಯಿತು. ನಾಯಕನಟ ಕಿತ್ತಳೆ ಕೈಗೆ ತೆಗೆದುಕೊಂಡು, ನಿಜವಾಗಿಯೇ ಏನು ಹೇಳಬೇಕೆಂದು ತಿಳಿಯದೆ ಅತ್ತೆಯನ್ನು ನೋಡಿ ನಕ್ಕ. ಇಡೀ ಗುಂಪು ಚಪ್ಪಾಳೆ ತಟ್ಟಿತು. ಎಲ್ಲರಿಗೂ ಸಂತೋಷ, ಅತ್ತೆಯೊಬ್ಬಳನ್ನು ಬಿಟ್ಟು. ಅವಳು ಬುಟ್ಟಿಯಿಂದ ಹಣ್ಣುಗಳನ್ನು ತೆಗೆದು ಟಪಟಪನೆ ಜೋಡಿಸುತ್ತಿದ್ದಳು. “ಹೊಸ ಅಂಗಡಿ ಕೈಗೆ ಬಂದಿತ್ತು. ಬಾಯಿಗೆ ಮಣ್ಣು ಹಾಕ್ದೆ. ಕಥೆ ಬರೀತಾನಂತೆ ಕಥೆ! ನೆಟ್ಟಗೆ ಒಂದು ಗುದ್ದು ಗುದ್ದಿಸೋಕೆ ಆಗಲಿಲ್ಲ ನಿನ್ನ ಕೈಲಿ.” ಇವನು ಪೆಚ್ಚಾಗಿ ನಿಂತ. ಅಂಥ ತ್ಯಾಗ ಮಾಡದಂತೆ ಅವಳನ್ನು ಉಳಿಸಿದೆನೆಂಬ ಒಂದು ಸಣ್ಣ ಹೆಮ್ಮೆ ಎದೆಯ ಮೂಲೆಯಲ್ಲಿ ಆಗಲೇ ಚಾಪೆ ಹಾಸಿಕೊಂಡಿತ್ತು, ಅದು ಎದ್ದು ಹೋಯಿತು. ಕೊನೆಗೆ ಮ್ಯಾನೇಜರೇ ರಾಜಿ ಮಾಡಿಸಿದ. ಆ ತೆಳು ಹಲಗೆಯ ಅಂಗಡಿಯನ್ನು ವಾಪಸ್ ಹೊರುವುದು ಆಳುಗಳಿಗೂ ಬೇಡವಾಗಿತ್ತು. ಅದರ ಕಾಲುಗಳು ಮಾತ್ರ ಗಟ್ಟಿಮರದವು. ಕಲಾ ವಿಭಾಗದ ಬಡಗಿ ಅವನ್ನು ಬಿಚ್ಚಿ, ಅಳೆದು, ಮಾವನ ಅಂಗಡಿಯ ಗಿಡ್ಡ ಕಾಲು ಕಿತ್ತು, ಆ ಜಾಗಕ್ಕೆ ಒಂದನ್ನು ಕೂರಿಸಿದ. ಅವನು ಮೊಳೆ ಹೊಡೆಯುವಷ್ಟು ಹೊತ್ತು ಇವನು ಮಂಡಿಯೂರಿ ಅಂಗಡಿಯನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದ. ಪ್ಯಾಂಟಿನ ಮಂಡಿ ಕಪ್ಪಾಯಿತು. ಮೇಲಿನಿಂದ ದ್ರಾಕ್ಷಿ ಹಣ್ಣೊಂದು ಉರುಳಿ ಕತ್ತಿನೊಳಕ್ಕೆ ಬಿತ್ತು. ತಾನಾಗಿ ಬಿತ್ತೋ ಅತ್ತೆ ಬೀಳಿಸಿದಳೋ ತಿಳಿಯಲಿಲ್ಲ. ಅಂಗಡಿ ನೆಟ್ಟಗೆ ನಿಂತಿತು. ಅತ್ತೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದಳು. “ಈಗ ನೆಲ ಸೊಟ್ಟಗಿರೋ ಹಾಗೆ ಕಾಣುತ್ತೆ. ನಿಮ್ಮಾವ ಹೇಳಿದ್ದು ನಿಜಾನೇ ಇರ್ಬೇಕು,” ಎಂದಳು. ಸಿಟ್ಟು ಅಲ್ಲಿಗೆ ಇಳಿಯಿತು.

ಲಾರಿ ಹೋಯಿತು, ವ್ಯಾನು ಹೋಯಿತು. “ಗುಮ್ಮ ಸಾರ್, ಬರಲ್ವಾ?” ಎಂದು ಕೇಳಿದವರಿಗೆ ಅವನು ಇಲ್ಲವೆಂದು ಕೈಯಾಡಿಸಿದ. ಸಂಜೆಯ ಬಿಸಿಲು ಕಿತ್ತಳೆಗಳ ಮೇಲೆ ಓರೆಯಾಗಿ ಬಿದ್ದಿತ್ತು. “ಮುಖ ತೊಳ್ಕೊಂಡು ಬರ್ತೀನಿ, ಧೂಳು ಮೆತ್ಕೊಂಡಿದೆ. ನೋಡ್ಕೋ,” ಎಂದು ಅತ್ತೆ ಔಷಧಿ ಅಂಗಡಿಯ ಹಿಂದಿನ ನಲ್ಲಿಯ ಕಡೆ ಹೋದಳು. ಅವನು ಅವಳ ಸ್ಟೂಲಿನ ಮೇಲೆ ಕೂತ. ಕೈ ಎಲ್ಲಿಡಬೇಕೋ ತಿಳಿಯದೆ ಒಂದು ಸೇಬು ತೆಗೆದು ಒರೆಸತೊಡಗಿದ. ಬಸ್ಸಿನಿಂದಿಳಿದ ನರ್ಸೊಬ್ಬಳು, ಪಾಳಿ ಮುಗಿಸಿ ಬಂದ ದಣಿವು ಮುಖದಲ್ಲಿತ್ತು, ಅಂಗಡಿಯ ಮುಂದೆ ನಿಂತಳು. ತನಗೇ ಗೊತ್ತಾಗುವ ಮೊದಲೇ ಅವನು ಮುಂದಕ್ಕೆ ಬಾಗಿದ್ದ. “ಏನು ಕೊಡ್ಲಿ?”

“ದ್ರಾಕ್ಷಿ,” ಎಂದಳು ಅವಳು, ಸುತ್ತ ನೋಡುತ್ತ. “ಅಮ್ಮ ಇಲ್ವಾ? ನೀವು ಅವರ ಕಡೆಯವರಾ?”

“ಹೂಂ. ಅವರಣ್ಣನ ಮಗ.”

“ಓ, ಬರೆಯೋರು! ಇವತ್ತು ಏನೋ ಕಾರು, ಕ್ಯಾಮೆರಾ ಎಲ್ಲ ಬಂದಿತ್ತಂತೆ? ಬಸ್ಸಲ್ಲಿ ಹೇಳ್ತಾ ಇದ್ರು. ಏನಾಯ್ತು?”

ಅವನು ಗಂಟಲು ಸರಿಮಾಡಿಕೊಂಡ. “ಒಂದು ಕಾರು ಬಂತು,” ಎಂದು ಶುರುಮಾಡಿದ. “ಅಂದ್ರೆ, ಮೊದಲು ಗುದ್ದೋದು ಅಂತ ಇತ್ತು. ಆಮೇಲೆ ಬದಲಾಯಿಸಿದ್ವಿ. ನಿಲ್ಲೋದು ಅಂತ.” ನರ್ಸು ಕೈಗಡಿಯಾರ ನೋಡಿಕೊಂಡಳು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒದ್ದೆ ಕೈಯೊಂದು ಅವನ ಹೆಗಲನ್ನು ಪಕ್ಕಕ್ಕೆ ತಳ್ಳಿತು.

“ಏಳೋ ಮೇಲೆ. ಹಾಗೆ ಹೇಳಿದ್ರೆ ಯಾರಿಗೆ ಅರ್ಥ ಆಗುತ್ತೆ?” ಮುಖದಿಂದ ನೀರು ತೊಟ್ಟಿಕ್ಕುತ್ತಿದ್ದ ಅತ್ತೆ ಸ್ಟೂಲಿನ ಮೇಲೆ ಕೂತು, ಸ್ವೆಟರಿನ ತೋಳು ಮಡಚಿಕೊಂಡು, ದ್ರಾಕ್ಷಿಯ ಗೊಂಚಲೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. “ಕೇಳಮ್ಮ. ಬೆಳಿಗ್ಗೆ ಇಲ್ಲೇ ಕೂತಿದ್ದೀನಿ. ಆ ಉಬ್ಬಿನ ಹತ್ರ ಏನೋ ಗುಡುಗಿದ ಹಾಗಾಯ್ತು. ನೋಡ್ತೀನಿ, ಕಾರು! ನಾಲ್ಕು ಚಕ್ರಾನೂ ಗಾಳೀಲಿ...” ಬಸ್ಸಿಗೆ ಹೊರಟಿದ್ದ ಇಬ್ಬರು ನಿಂತರು. ಔಷಧಿ ಅಂಗಡಿಯವನು ಹೊರಗೆ ಬಂದು ಬಾಗಿಲಿಗೆ ಒರಗಿದ. ಇವನು ಚೀಲದ ಬಾಯಿ ಅಗಲಿಸಿ ಅತ್ತೆಗೆ ಹಿಡಿದುಕೊಂಡು ನಿಂತ. ಮುಂದೆ ಏನಾಯಿತೋ ಅವನಿಗೂ ಕೇಳಬೇಕಾಗಿತ್ತು.